ಉಂಬಳ ಓಡಿಸುವ ಮಂತ್ರ

೧೬ ಜುಲೈ ೨೦೦೬, ಭಾನುವಾರ, ಕೊಪ್ಪ

ಸಿರಿ ಇನ್ನು ಆಟಕ್ಕೆ ಬರುವುದಿಲ್ಲ. ತಪ್ಪು ನನ್ನದೇ.

ದಾಳ ಉರುಳಿಸುತ್ತ ಕತೆ ಕಟ್ಟುವ ನಮ್ಮ ಆಟದಲ್ಲಿ ಮಂತ್ರವಾದಿಯ ಮಂತ್ರಗಳನ್ನು ಬರೆಯುವವನು ನಾನು. ಬೆಂಕಿ, ಸಿಡಿಲು ಸಾಕಾಗಿತ್ತು. ದಿನಬಳಕೆಗೆ ಬರುವಂಥವು ಇರಲೆಂದು ವಾರವಿಡೀ ಕೂತು ಎರಡು ಬರೆದೆ: ಮಂಜಿನಲ್ಲಿ ದಾರಿ ಕಾಣಲು ಒಂದು, ಮಳೆಗಾಲದ ಕಾಡಿನಲ್ಲಿ ರಕ್ತ ಹೀರುವ ಉಂಬಳ ಓಡಿಸಲು ಇನ್ನೊಂದು. ಉಂಬಳದ್ದು ಬರೆದ ದಿನ ಎಷ್ಟು ಹೆಮ್ಮೆಪಟ್ಟಿದ್ದೆ!

ಸಿರಿಯದು ಕಾಡುದಾರಿ ತೋರಿಸುವ ಹೆಂಗಸಿನ ಪಾತ್ರ. ಉಂಬಳ ಹತ್ತದಂತೆ ಎಲ್ಲರ ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿ ಘಟ್ಟ ದಾಟಿಸುವವಳು. ಇವತ್ತು ಅವಳು ಬಾಯಿ ತೆರೆಯುವ ಮೊದಲೇ ಮಂತ್ರವಾದಿಯಾದ ಉಜ್ವಲ್ ಎರಡನ್ನೂ ಪ್ರಯೋಗಿಸಿಬಿಟ್ಟ. ಸಂಜೆಯವರೆಗೂ ಅವಳ ಪಾತ್ರಕ್ಕೆ ಕೆಲಸವೇ ಬರಲಿಲ್ಲ. ಬಾಳೆಹೊನ್ನೂರಿನ ಬಸ್ಸಿಗೆ ಹೊರಟಾಗ ತನ್ನ ದಾಳವನ್ನು ನನ್ನ ಕೈಯಲ್ಲಿಟ್ಟು, "ಎಲ್ಲ ಅವನೊಬ್ನೇ ಮಾಡ್ತಾನಲ್ಲ ಮಾರಾಯ, ನಾನೆಂತಕ್ಕೆ?" ಅಂದಳು.

ಮಂತ್ರದ ಬಲ ತಗ್ಗಿಸಿ ನೋಡಿದೆ. ಒಂದೇ ಕಾಲಿಗೆ, ಅರೆಗಳಿಗೆ ಮಾತ್ರ ಎಂದು ಬರೆದೆ. ಹಾಗಾದರೆ ಯಾರೂ ಅದನ್ನು ಮುಟ್ಟುವುದಿಲ್ಲ. ಬಲವಿದ್ದರೆ ಯಾರದೋ ಕೆಲಸ ಹೋಗುತ್ತದೆ. ನಡುವಿನದ್ದು ನನ್ನಿಂದ ಬರೆಯಲಾಗುವುದಿಲ್ಲ, ಇಷ್ಟೇ. ಹಾಳೆ ಹರಿದೆ. ಏನು ಬಂತು, ಉಜ್ವಲ್‌ಗೆ ಎರಡೂ ಬಾಯಿಪಾಠ.

ದಾಳ ಇಲ್ಲೇ ಮೇಜಿನ ಮೇಲಿದೆ. ಇಡೀ ದಿನ ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದಳು, ಒಮ್ಮೆಯೂ ಉರುಳಿಸಲಿಲ್ಲ. ನಾನು ನೋಡುತ್ತಲೇ ಇದ್ದೆ, ಆದರೂ ಉಜ್ವಲ್‌ನನ್ನು ತಡೆಯಲಿಲ್ಲ.