ಯಾರೂ ‘ಆರಾಮ’ ಅನ್ನಬೇಡಿ

ಸಾಸ್ವೆಹಳ್ಳಿ
18 ಫೆಬ್ರವರಿ 2025

ಲೇ ಶಾಂತಲಾ,

ನಿನ್ನ ಉದ್ದುದ್ದ ಮೆಸೇಜುಗಳಿಗೆಲ್ಲ ಬರೀ ಹೆಬ್ಬೆಟ್ಟು ಕಳಿಸ್ತಿದ್ದೆ ಅಂತ ಸಿಟ್ಟಾಗಿದ್ದೀಯ. ನ್ಯಾಯವೇ. ಬಿ.ಎಸ್ಸಿ. ಓದಿದವಳು ಕೊನೆಗೆ ಹೆಬ್ಬೆಟ್ಟಾದೆ ನೋಡು. ಈ ಪತ್ರ ಎಡಗೈಯಲ್ಲಿ ಬರೀತಿದ್ದೀನಿ. ಹೊನ್ನಾಳಿಯ ಫಿಸಿಯೋಥೆರಪಿ ಮೇಡಂ ದಿನಾ ಒಂದು ಪುಟ ಬರೆಯೋಕೆ ಹೇಳಿದ್ದಾರೆ. ‘ಓಂ ನಮಃ ಶಿವಾಯ’ ಬರೆದೂ ಬರೆದೂ ಶಿವನಿಗೇ ಸಾಕಾಗಿರಬೇಕು, ಇವತ್ತು ನಿನ್ನ ಪಾಳಿ. ಅಕ್ಷರಗಳು ನಿಮ್ಮ ಜಗಳೂರು ಬಸ್ಸಿನಲ್ಲಿ ನಿಂತವರ ಹಾಗೆ ಒಂದರ ಮೇಲೊಂದು ಬಿದ್ದಿವೆ, ಸಹಿಸಿಕೋ.

‘ಹೆಂಗಿದೀಯ’ ಅಂತ ಕೇಳಿದ್ದೀಯ. ಆ ಪ್ರಶ್ನೆಗೆ ಉತ್ತರ ಕೊಡೋದೇ ಈಗ ನಮ್ಮನೇಲಿ ಅಪಾಯದ ಕೆಲಸ.

ನಾನು ಬಿದ್ದದ್ದು ನಿನಗೆ ಗೊತ್ತು. ನವೆಂಬರಿನಲ್ಲಿ ಲ್ಯಾಬಿನಿಂದ ಬರುವಾಗ, ಒಣಗಲಿ ಅಂತ ರಸ್ತೆ ತುಂಬ ಹರವಿದ್ದ ಮೆಕ್ಕೆಜೋಳದ ಮೇಲೆ ಸ್ಕೂಟಿ ಜಾರಿತು. ಭುಜದ ಮೂಳೆ ಕೂಡಿತು, ನರ ಮಾತ್ರ ಇನ್ನೂ ಮುನಿಸಿಕೊಂಡಿದೆ. ಬಲಗೈಗೆ ಹಿಡಿತವೇ ಇಲ್ಲ. ಊರವರ ನರ ಹುಡುಕಿ ರಕ್ತ ತೆಗೀತಿದ್ದ ಕೈಗೆ ಈಗ ತನ್ನ ನರವೇ ಸಿಗ್ತಿಲ್ಲ ಕಣೆ.

ಲ್ಯಾಬಿನವರು ನಮಗೆಲ್ಲ ಒಂದು ವಿಮೆ ಮಾಡಿಸಿದ್ದರು. ಪೆಟ್ಟಾಗಿ ದುಡಿಯೋಕೆ ಆಗದಿದ್ದರೆ, ಆಗೋವರೆಗೆ ತಿಂಗಳು ತಿಂಗಳು ಸಂಬಳದ ಒಂದು ಭಾಗ ಬರುತ್ತೆ. ಅದು ಬಂದರೆ ಚಿಕಿತ್ಸೆ ಮುಂದುವರಿಯುತ್ತೆ, ಬರದಿದ್ದರೆ ಕೈ ಹೀಗೇ. ಅರ್ಜಿಯಲ್ಲಿ ‘ಡಿಕ್ಕಿ ಹೊಡೆದ ವಾಹನ’ ಅಂತ ಒಂದು ಕಾಲಂ. ಖಾಲಿ ಬಿಡಬಾರದು ಅಂತ ನಮ್ಮನೆಯವರು, ವಿನಯ್, ‘ಮೆಕ್ಕೆಜೋಳ’ ಅಂತ ತುಂಬಿದರು. ಮುಂದಿನ ವಾರ ಆಫೀಸಿನಿಂದ ಫೋನು: ‘ಮೇಡಂ, ಆ ಗಾಡಿ ನಂಬರ್ ಹಾಕೇ ಇಲ್ಲ.’

ಹೋದ ತಿಂಗಳು ದಾವಣಗೆರೆಯಿಂದ ಹನುಮಂತಪ್ಪ ಅನ್ನೋ ವಿಮೆ ಅಧಿಕಾರಿ ಮನೆಗೇ ವಿಚಾರಣೆಗೆ ಬಂದರು. ಪುಟ್ಟಿಗೆ ಹಲ್ಲು ಬರ್ತಿದೆ, ನನಗೆ ನಿದ್ದೆ ಅನ್ನೋದು ಮರೆತೇ ಹೋಗಿದೆ. ನನ್ನ ಕಣ್ಣು ನೋಡಿದವರು ಪೆಟ್ಟು ಕೈಗಾ ತಲೆಗಾ ಅಂತ ಕೇಳಬೇಕು. ನಾನು ಸೆರಗು ಸರಿ ಮಾಡಿಕೊಂಡು ಹೊರಗೆ ಬರೋದರೊಳಗೆ ಅವರು ಬಾಗಿಲಲ್ಲೇ ಅತ್ತೆಯನ್ನು ಕೇಳಿದ್ದಾರೆ, ‘ಹೆಂಗಿದಾರ್ರೀ ನಿಮ್ಮ ಸೊಸೆ?’

ನಮ್ಮ ಅತ್ತೆ ಕಸ್ತೂರಮ್ಮ ನಿನಗೆ ಗೊತ್ತಲ್ಲ. ಮನೆಗೆ ಬೆಂಕಿ ಬಿದ್ದಿದ್ದರೂ ಬಂದವರಿಗೆ ಮೊದಲು ‘ಆರಾಮ್ರೀ’ ಅಂದು, ಆಮೇಲೆ ನೀರು ಹುಡುಕೋರು.

‘ಆರಾಮ ಅದಾಳ್ರೀ!’

ಅವರು ಬರಕೊಂಡರು. ‘ಮನೆ ಕೆಲಸ ಮಾಡಾಕೆ ಆಗ್ತೈತಾ?’

‘ಆಗದೇ ಏನ್ರೀ! ನಮ್ಮನೆ ಸೊಸೆ ಸುಮ್ನೆ ಕುಂತ್ಕಳ್ಳೋಳಲ್ಲ.’

ಅದನ್ನೂ ಬರಕೊಂಡರು. ‘ರೊಟ್ಟಿ ತಟ್ತಾರಾ?’

‘ಹುಣ್ಣಿಮೆ ಚಂದ್ರನಂಗೆ!’

ಶಾಂತಲಾ, ನಾನು ಬಿದ್ದಾಗಿನಿಂದ ನಮ್ಮನೇಲಿ ರೊಟ್ಟಿ ತಟ್ಟೋದು ವಿನಯ್. ಅತ್ತೆಗೆ ಸಂಧಿವಾತ, ಬೆರಳು ಮಡಚೋಕೆ ಬರಲ್ಲ. ಆದರೆ ಆಗ ಇದು ಮನೆಯ ಗುಟ್ಟು. ಮಗ ಹಿಟ್ಟಿಗೆ ಕೈ ಹಾಕಿದ ಕೂಡಲೇ ಅತ್ತೆ ಕಿಟಕಿ ಮುಚ್ಚಿ ಟೀವಿ ಜೋರು ಮಾಡ್ತಿದ್ದರು, ತಟ್ಟೋ ಸದ್ದು ಪಕ್ಕದ ಮನೆ ಗಾದ್ರಮ್ಮನಿಗೆ ಕೇಳಬಾರದು ಅಂತ. ಗಾದ್ರಮ್ಮ ಒಂದು ದಿನ ನನ್ನನ್ನು ಮೆಲ್ಲಗೆ ಕೇಳಿದಳು, ‘ನಿಮ್ಮತ್ತೆಗೆ ಕಿವಿ ಮಂದ ಆಗೈತಾ?’

ನಾನು ಮುಂದೆ ಬಂದು, ‘ಇಲ್ಲ ಸರ್, ನನ್ನ ಕೈಲಿ ಲೋಟ ಕೂಡ ನಿಲ್ಲಲ್ಲ’ ಅಂದೆ.

ಹನುಮಂತಪ್ಪ ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. ‘ಅತ್ತೆ ಬಾಯಲ್ಲಿ ಸೊಸೆ ಬಗ್ಗೆ ಒಳ್ಳೇ ಮಾತು ಬಂದ ಮ್ಯಾಲೆ ಬ್ಯಾರೆ ಸಾಕ್ಷಿ ಯಾಕ್ಬೇಕಮ್ಮ?’

ಮುಗೀತು ಅಂದುಕೊಂಡೆ. ಊಟದ ಹೊತ್ತು, ಬಂದವರನ್ನು ಉಣ್ಣಿಸದೆ ಕಳಿಸೋ ಜಾಯಮಾನ ಅತ್ತೆಯದಲ್ಲ. ವಿನಯ್ ಅಂಗಡಿಗೆ ಹೋಗೋ ಮುಂಚೆ ಬೆಳಗ್ಗೆ ತಟ್ಟಿಟ್ಟಿದ್ದ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು. ಅಧಿಕಾರಿ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದರು. ಒಂದು ಕಡೆ ದಪ್ಪ, ಒಂದು ಕಡೆ ತೂತು, ಅಂಚು ಥೇಟ್ ಸೂಳೆಕೆರೆ ದಂಡೆ.

‘ಚಂದ್ರ ಅಂದ್ರಿ. ಇದು ಗ್ರಹಣ ಹಿಡಿದಂಗೈತಲ್ರೀ. ಇಂಥ ಕೈಗೆ ಯಾರು ಹಿಟ್ಟು ಕೊಟ್ಟಿದ್ದು?’

ಅತ್ತೆ ಒಂದು ಸಲ ಉಗುಳು ನುಂಗಿದರು. ಎರಡನೇ ಸಲ ಆಗಲಿಲ್ಲ.

‘ಏನಂದ್ರಿ? ನನ್ನ ಮಗನ ಕೈ ರೀ ಅದು! ಒಂದು ಲೋಟ ತೊಳೆದೋನಲ್ಲ, ಹೆಂಡ್ತಿ ಕೈ ಹೋದಾಗಿಂದ ಬೆಳಗ್ಗೆ ಎದ್ದು ರೊಟ್ಟಿ ತಟ್ತಾನೆ, ಮಗೀಗೆ ನೀರು ಹಾಕ್ತಾನೆ, ಇವಳ ಜಡೆ ಹೆಣಿತಾನೆ! ಮೊದಲ್ನೇ ದಿನದ್ದು ತಿಂದಿದ್ರೆ ಏನಂತಿದ್ರೋ! ಸುಮ್ನೆ ಉಣ್ರಿ!’

ಗೋಡೆಯಾಚೆ ಗಾದ್ರಮ್ಮ ಪಾತ್ರೆ ತಿಕ್ಕುತ್ತಿದ್ದ ಸದ್ದು ಗಕ್ಕನೆ ನಿಂತಿತು.

ಹನುಮಂತಪ್ಪ ರೊಟ್ಟಿ ಕೆಳಗಿಟ್ಟರು. ‘ಹಂಗಾದ್ರೆ ಆರಾಮ ಇಲ್ಲ ಅಂತ ಬರಕಳ್ಳನೇನ್ರೀ?’

ಅತ್ತೆ ತಲೆ ತಗ್ಗಿಸಿದರು. ‘ಬರಕಳ್ರಿ. ಜೋರಾಗಿ ಓದಬ್ಯಾಡ್ರಿ, ಅಷ್ಟೇ.’

ನಿನ್ನೆ ಮೆಸೇಜು ಬಂತು, ಅರ್ಜಿ ಒಪ್ಪಿಗೆಯಾಗಿದೆ. ಆಗಾಗ ಮತ್ತೆ ಬಂದು ನೋಡ್ತಾರಂತೆ. ಅದಕ್ಕೇ ಅತ್ತೆ ಈಗ ಹಾಲಿನವನು ‘ಹೆಂಗಿದೀರಮ್ಮ’ ಅಂದರೂ ‘ಆರಾಮ ಇಲ್ಲಪ್ಪ’ ಅಂತಾರೆ. ಯಾರು ಯಾವ ಆಫೀಸಿನವರೋ! ಕಿಟಕಿ ಮಾತ್ರ ತೆರೆದೇ ಇರುತ್ತೆ. ಗಾದ್ರಮ್ಮ ತನ್ನ ಗಂಡನಿಗೆ ವಿನಯ್‌ನ ತೋರಿಸಿ ತೋರಿಸಿ, ಪಾಪ, ಆ ಮನುಷ್ಯ ಇವರ ಜೊತೆ ಮಾತೇ ಬಿಟ್ಟಿದ್ದಾನೆ.

ನಿಮ್ಮ ತಾಯಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮಗನಿಗೆ ಎಡಗೈಯಲ್ಲಿ ಆಶೀರ್ವಾದ ಬೇಡ. ಬಲಗೈ ಏಳಲಿ, ನಾನೇ ಬಂದು ತಲೆ ಮೇಲೆ ಇಡ್ತೀನಿ.

ನಿನ್ನ
ಸಂಧ್ಯಾರಾಣಿ

ತಾ.ಕ.: ಹೋಗುವಾಗ ಹನುಮಂತಪ್ಪ ಇನ್ನೊಂದು ಪ್ರಶ್ನೆ ಕೇಳಿದ್ದರು, ‘ಮಗೂನ ಎತ್ತಿಕೊಳ್ತೀರಾ?’ ಇಲ್ಲ ಅಂದೆ. ಅರ್ಜಿಗೆ ಆ ಉತ್ತರ ಒಳ್ಳೆಯದಾಯಿತಂತೆ. ಮೊದಮೊದಲು ಪುಟ್ಟಿ ನನ್ನ ಕಡೆ ಎರಡೂ ಕೈ ಚಾಚಿ ಅಳೋಳು. ಈಗ ಅಳಲ್ಲ ಕಣೆ. ನನ್ನ ನೋಡಿ ನಗ್ತಾಳೆ, ಕೈ ಮಾತ್ರ ಅವರಪ್ಪನ ಕಡೆ ಚಾಚ್ತಾಳೆ. ಬಂದವರೆಲ್ಲ ಅಂತಾರೆ, ‘ಎಷ್ಟು ಆರಾಮಾಗಿ ಬೆಳೀತಿದೆ ನೋಡು ಕೂಸು.’