ಕರಡಿಮರಿಯ ಕೊನೆಯ ಪುಟ

ಪುರಸೈವಾಕ್ಕಂ, ಮದ್ರಾಸ್
3 ಡಿಸೆಂಬರ್ 1988

ಚಿ. ಜಲಜಾಳಿಗೆ ಅಮ್ಮನ ಪ್ರೀತಿಯ ಹಾರೈಕೆಗಳು.

ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು. ಕೊಯಮತ್ತೂರಿನ ಬ್ಯಾಂಕ್ ಕೆಲಸ ಬಿಟ್ಟು ಬರೋಡಾಗೆ ಚಿತ್ರಕಲೆ ಕಲಿಯಲು ಹೋಗಲೇ, ಅಮ್ಮಾ, ನೀನು ಹೂಂ ಎಂದರೆ ಮಾತ್ರ ರಾಜೀನಾಮೆ ಕೊಡುತ್ತೇನೆ ಎಂದು ಬರೆದಿದ್ದೆ. ಉತ್ತರಕ್ಕೆ ಕೂತಾಗಲೆಲ್ಲ ಕೈ ಹಿಂಜರಿಯಿತು. ಕ್ಷಮಿಸು.

ನಾವು ಚೆನ್ನಾಗಿದ್ದೇವೆ. ಮಳೆ ನಿಂತರೂ ಗೋಡೆಯ ತೇವ ಆರಿಲ್ಲ. ನಿನ್ನ ವಿಷಯ ಕೇಳಿದ ಅಪ್ಪ, "ಬ್ಯಾಂಕ್ ಕೆಲಸ ಸಿಗದೆ ಜನ ಒದ್ದಾಡ್ತಿದಾರೆ, ಇವಳು ಬಣ್ಣ ಕಲಸೋಕೆ ಹೋಗ್ತಾಳಂತೆ" ಎಂದು ಪೇಪರಿನ ಹಿಂದೆ ಮುಖ ಮರೆಸಿಕೊಂಡರು. ಪಕ್ಕದ ಮನೆಯ ಗೋದಾಬಾಯಿ, ಕಲಿತು ಬಂದ ಮೇಲೆ ನಮ್ಮ ಗೇಟಿಗೂ ಒಂದು ಕೈ ಬಣ್ಣ ಹೊಡೆದುಕೊಡಲಿ ಎಂದರು.

ಮೊನ್ನೆ ಕಪಾಟಿನ ಪುಸ್ತಕಗಳನ್ನು ಮಹಡಿಯ ಬಿಸಿಲಿಗೆ ಹರಡಿದಾಗ ಕರಡಿಮರಿಯ ಪುಸ್ತಕ ಸಿಕ್ಕಿತು. ನದಿಯ ಜೊತೆ ನಡೆಯುತ್ತ ಕಡಲು ನೋಡಲು ಹೋಗುವ ಮರಿ. ಪುಸ್ತಕ ತಮಿಳಿನದು. ಶಾಲೆಯಲ್ಲೂ ಬೀದಿಯಲ್ಲೂ ತಮಿಳೇ ಆದ ನಿನಗೆ ಕನ್ನಡ ಓದಲು ಬರಲೆಂದು, ಸಾಲುಸಾಲಿನ ಮೇಲೂ ಕನ್ನಡ ಬರೆದ ಚೀಟಿಗಳನ್ನು ಮೈದಾ ಅಂಟಿನಿಂದ ಹಚ್ಚಿದ್ದೆ. ಐದು ವರ್ಷದ ನೀನು ಕನ್ನಡದಲ್ಲಿ ಕೇಳಿಸಿಕೊಂಡು, "ಇನ್ನೊರು ತಡವೆ ಪಡಿಮ್ಮಾ" ಎಂದು ತಮಿಳಿನಲ್ಲಿ ಕಾಡಿ ಮತ್ತೊಮ್ಮೆ ಓದಿಸುತ್ತಿದ್ದೆ.

ಕೊನೆಯ ಪುಟಕ್ಕೆ ನಾನು ಬರೆದದ್ದು: 'ಮರಿ ಕಡಲು ನೋಡಿತು, ಅಮ್ಮನಿಗೆ ಹೇಳಲು ಓಡಿ ಬಂತು.' ಚಿತ್ರದಲ್ಲಿ ಮರಳಿನ ಮೇಲೆ ಹೋದ ಹೆಜ್ಜೆಗಳಷ್ಟೇ ಇದ್ದವು. ಬಂದ ಹೆಜ್ಜೆ ಎಲ್ಲಿ ಎಂದು ನೀನು ಕೇಳಿದ್ದಕ್ಕೆ, ಅಲೆ ಅಳಿಸಿತು ಎಂದಿದ್ದೆ.

ತೇವಕ್ಕೆ ಚೀಟಿಗಳು ಸಡಿಲಾಗಿ, ಬೆರಳು ತಾಗಿದರೆ ಉದುರಿದವು. ಕೊನೆಯದು ಮಾತ್ರ ಬಿಗಿಯಾಗಿತ್ತು. ಅದರ ಅಂಚಿನಲ್ಲಿ ಮೈದಾ ಅಲ್ಲ, ಹಳದಿಗಟ್ಟಿದ ನಿನ್ನ ಶಾಲೆಯ ಗೋಂದು. ತಮಿಳು ಓದಲು ಕಲಿತ ಮೇಲೆ ಎಂದೋ ನೀನು ಅದನ್ನು ಬಿಡಿಸಿದ್ದೀಯ. ಕೆಳಗಿನ ಸಾಲು ಓದಿದ್ದೀಯ: 'ಕಡಲು ತುಂಬ ದೊಡ್ಡದು. ಮರಿ ತಿರುಗಿ ನೋಡಲಿಲ್ಲ.' ಓದಿ, ಮತ್ತೆ ಅಂಟಿಸಿ, ಆಮೇಲೂ ನನ್ನ ಮಡಿಲಲ್ಲಿ ಕೂತು ನನ್ನ ಸಾಲನ್ನೇ ಓದಿಸಿಕೊಂಡಿದ್ದೀಯ.

ಆಗ ನನಗೆ ಅದು ಮರಿ ಕಳೆದುಹೋದೀತೆಂಬ ಭಯದ ಕಥೆ. ಮೊನ್ನೆ ಮೊದಲ ಪುಟವನ್ನೇ ಬಹಳ ಹೊತ್ತು ನೋಡುತ್ತ ಕೂತೆ. ನದಿಯ ನೀಲಿ ಮಾಸಿ ಆಕಾಶದೊಳಗೆ ಹರಿದುಹೋಗಿದೆ. ನೀರು ಎಲ್ಲಿ ಮುಗಿಯಿತು, ಬಾನು ಎಲ್ಲಿ ತೊಡಗಿತು, ಹೇಳುವಂತಿಲ್ಲ. ದಡದಲ್ಲಿ ನಿಂತ ತಾಯಿ ಕರಡಿಯ ಕಾಲು ಮೊಣಕಾಲಿನವರೆಗೆ ಒದ್ದೆ. ಇಷ್ಟು ವರ್ಷ ಕಂಡಿರಲಿಲ್ಲ. ಅದೂ ಒಂದು ದಿನ ನೀರಿಗಿಳಿದಿತ್ತು ಕಣೇ. ಎಷ್ಟು ದೂರ ಹೋಗಿ ಮರಳಿತೋ, ಪುಸ್ತಕದಲ್ಲಿಲ್ಲ.

ಹೋಗು ಜಲಜಾ. ಅಪ್ಪನನ್ನು ನಾನು ಒಪ್ಪಿಸುತ್ತೇನೆ. ಪುಸ್ತಕ ಕಳಿಸುತ್ತಿದ್ದೇನೆ; ಉದುರಿದ ಚೀಟಿಗಳನ್ನು ಮತ್ತೆ ಹಚ್ಚಿಲ್ಲ. ನಿನ್ನ ಕೈಗೆ ಬಣ್ಣ ಒಲಿಯಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ,
ಅಂಬುಜಾ

ತಾ.ಕ.: 1983ರ ಜೂನ್‌ನಲ್ಲಿ, ನಿನ್ನ ಪ್ಲಸ್ ಟು ಮುಗಿದಾಗ, ನೀನು ಅರ್ಜಿ ಹಾಕಿದ್ದ ಬರೋಡಾದ ಚಿತ್ರಕಲಾ ಕಾಲೇಜಿನಿಂದ ಸೀಟು ಸಿಕ್ಕಿದೆಯೆಂಬ ಕಾಗದ ಬಂದಿತ್ತು. ಏನೂ ಬಂದಿಲ್ಲ ಎಂದು ನಾನೇ ನಿನಗೆ ಹೇಳಿದೆ. ತಿಂಗಳಿಡೀ ಅಂಚೆಯವನ ದಾರಿ ಕಾದು ನೀನು ಬಿ.ಕಾಂ. ಸೇರಿದೆ. ಆ ಕಾಗದ ಇಷ್ಟು ದಿನ ಕಪಾಟಿನಲ್ಲಿ, ಒಂದು ದಿನವೂ ಬಳಸದ ನನ್ನ ಎಂ.ಎ. ಸರ್ಟಿಫಿಕೇಟಿನ ಕೆಳಗಿತ್ತು. ಈಗ ಪುಸ್ತಕದೊಳಗೆ ಇಟ್ಟಿದ್ದೇನೆ. ಅಪ್ಪನಿಗೆ ತಿಳಿಯದು. ಅದನ್ನೂ ನೀನು ಓದಿ, ಇದ್ದಂತೆಯೇ ಮಡಿಸಿಟ್ಟು, ಸುಮ್ಮನಿದ್ದೆಯಾ?