ಟೆಸ್ಸ ಬೇಡ ಅಂದಳಂತೆ

ಕ್ಯಾಸ್ಲೋ,
ಫೆಬ್ರವರಿ ೧೧

ಪ್ರೀತಿಯ ಲೋರ್ನಾ ಅಕ್ಕನಿಗೆ,

ಹೇಗಿದ್ದೀಯ? ನಿನ್ನ ಕಾಗದ ಕ್ರಿಸ್‌ಮಸ್ಸಿಗೇ ಬಂದಿತ್ತು, ಉತ್ತರ ಬರೆಯಲು ಈಗ ಕೂತಿದ್ದೇನೆ, ಬೈದುಕೋ. ಪುಟ್ಟಿಗೆ ಹಲ್ಲು ಬರುತ್ತಿದೆ, ಸದಾ ರಚ್ಚೆ. ನೀನು ಹೆಣೆದು ಕಳಿಸಿದ ಟೋಪಿಯನ್ನು ತಲೆಗೆ ಹಾಕಿದರೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾಳೆ.

ಈ ಸಲ ಹಿಮ ಸರಿಯಿಲ್ಲ. ಜನವರಿಯ ಒಣಚಳಿಗೆ ಕೆಳಗಿನ ಪದರ ಸಕ್ಕರೆಯ ಹಾಗೆ ಪುಡಿಪುಡಿಯಾಗಿದೆ. ಅದರ ಮೇಲೆ ಗಾಳಿ ತಂದು ಒಟ್ಟಿದ ಹೊಸ ಹಿಮ ಗಟ್ಟಿಯಾಗಿ ಕೂತಿದೆ. ಯಾರಾದರೂ ಕಾಲಿಟ್ಟರೆ ಇಡೀ ಇಳಿಜಾರೇ ಜಾರಿ ಬಂದೀತು. ಆದರೂ ನಮ್ಮ ಯಜಮಾನ ವಾರೆನ್‌ಗೆ ಬೆಟ್ಟ ಹತ್ತಿ ಸ್ಕೀ ಮೇಲೆ ಜಾರಿ ಇಳಿಯುವ ಹುಚ್ಚು ಬಿಟ್ಟಿಲ್ಲ.

ನಾನು ಮಗು ಹಿಡಿದು ಕೂತಿರುವುದರಿಂದ ಈಗ ಅವನ ಜೊತೆಗೆ ಬೇಕರಿಯ ಟೆಸ್ಸ ಹೋಗುತ್ತಾಳೆ. ನನಗೆ ಹೊಟ್ಟೆಕಿಚ್ಚು ಅಕ್ಕ, ನಿನ್ನ ಹತ್ತಿರ ಏಕೆ ಸುಳ್ಳು ಹೇಳಲಿ. ಅವರಿಬ್ಬರ ನಡುವೆ ಬೇರೇನೋ ಇದೆ ಅಂತಲ್ಲ. ಹೊರಡುವ ಮುಂಚೆ ನಮ್ಮ ಅಂಗಳದಲ್ಲಿ ನಿಂತು, ಹಿಮದಡಿ ಸಿಕ್ಕರೆ ಜಾಗ ತಿಳಿಯಲೆಂದು ಒಬ್ಬರು ಎದೆಗೆ ಕಟ್ಟಿಕೊಂಡ ಬೀಕನ್ ಯಂತ್ರದ ಸದ್ದು ಇನ್ನೊಬ್ಬರಿಗೆ ಕೇಳುತ್ತದೆಯೇ ಎಂದು ಪರೀಕ್ಷಿಸುತ್ತಾರಲ್ಲ, ಅದು ಅಡುಗೆಮನೆಗೂ ಕೇಳುತ್ತದೆ. ಅವನು ಹಿಮದಡಿ ಹೂತುಹೋದರೆ ಹುಡುಕಿ ಅಗೆದು ತೆಗೆಯಬೇಕಾದವಳು ಅವಳು. ಆ ಕೆಲಸ ನನ್ನದಾಗಿತ್ತು.

ಕಳೆದ ಭಾನುವಾರ ಸಂಜೆ ಬಂದವನು ಬೂಟು ಬಿಚ್ಚದೆ ಶುರುಮಾಡಿದ.

"ಮೇವಿಸ್, ಕೇಳಿಲ್ಲಿ! ಹಳೇ ಗಣಿ ಮೇಲಿನ ಇಳಿಜಾರಿನ ತಲೇಲಿ ನಿಂತಿದ್ವಿ. ಹಿಮ ಜಾರುತ್ತಾ ಅಂತ ಗುಂಡಿ ತೋಡಿ, ಸಲಿಕೆಯಿಂದ ತಟ್ಟಿ ನೋಡಿದ್ವಿ, ಪದರ ಅಲುಗ್ಲೇ ಇಲ್ಲ. ಆದ್ರೂ ಟೆಸ್ಸ ಬೇಡ ಅಂದ್ಲು."

"ಯಾಕಂತೆ?"

"ಕೇಳ್ಲಿಲ್ಲ. ಬೇಡ ಅಂದ್ರೆ ಬೇಡ, ಅಷ್ಟೆ. ತಿರುಗಿ ಬಂದ್ವಿ. ಕಾಡಿನ ಅಂಚು ಮುಟ್ಟೋದ್ರೊಳಗೆ ಇಡೀ ಇಳಿಜಾರು ತಾನಾಗೇ ಕಿತ್ಕೊಂಡು ಹೋಯ್ತು ಕಣೇ! ಅವಳ ಮಾತು ಕೇಳಿದ್ದಕ್ಕೆ ಬದುಕ್ಕೊಂಡ್ವಿ."

ನಮ್ಮಲ್ಲಿ ನಿಯಮ ಅದೇ, ನಿನಗೂ ಗೊತ್ತು. ಜೊತೆಯಲ್ಲಿ ಯಾರೊಬ್ಬರು ಬೇಡ ಅಂದರೂ ಕಾರಣ ಕೇಳದೆ ಎಲ್ಲರೂ ಹಿಂದಿರುಗಬೇಕು. ನಾನು ಬೇಡ ಅಂದಾಗಲೆಲ್ಲ ಈ ಮಹಾರಾಯ ನಿಯಮ ಮರೆತು ವಾದಕ್ಕೆ ನಿಲ್ಲುತ್ತಿದ್ದ. "ನಿಂದು ಇದ್ದಿದ್ದೇ ಬಿಡು, ಪುಕ್ಕಲಿ" ಅಂತ ನಗುತ್ತಾ ಮುಂದೆ ಹೋಗಿಬಿಡುತ್ತಿದ್ದ. ಹೆಂಡತಿ ಹೇಳಿದರೆ ಅದು ಗೊಣಗಾಟ, ಟೆಸ್ಸ ಹೇಳಿದರೆ ವೇದವಾಕ್ಯ!

ಗಂಡ ಜೀವಂತ ಬಂದನಲ್ಲ ಎಂದು ದೇವರಿಗೆ ವಂದಿಸಬೇಕಿತ್ತು. ನಾನು ಪಾತ್ರೆ ಕುಕ್ಕಿದೆ. ಮರುದಿನ ಅವಳು ದಾಲ್ಚಿನ್ನಿ ಬನ್ನು ತಂದುಕೊಟ್ಟಳು. ಅದು ಚೆನ್ನಾಗಿಯೂ ಇತ್ತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಭಾವನಿಗೆ ನನ್ನ ನೆನಪು ಹೇಳು, ಮಕ್ಕಳಿಗೆ ಮುತ್ತು ಕೊಡು. ದೇವರು ನಿಮ್ಮನ್ನೆಲ್ಲ ಬೆಚ್ಚಗಿಟ್ಟಿರಲಿ.

ನಿನ್ನ ತಂಗಿ,
ಮೇವಿಸ್

ತಾ.ಕ.: ಲಕೋಟೆ ಅಂಟಿಸಿದ್ದೆ, ಒಡೆದು ಬರೆಯುತ್ತಿದ್ದೇನೆ. ನಿನ್ನೆಯಿಂದ ಒಂದೇ ಸಮನೆ ಗಾಳಿ, ಬೆಟ್ಟದ ಮೇಲೆ ಇನ್ನಷ್ಟು ಹಿಮ ಒಟ್ಟುತ್ತಿದೆ. ಇವತ್ತು ಬೇಡ ಎಂದು ಮಗುವನ್ನೆತ್ತಿಕೊಂಡು ಬಾಗಿಲಿಗೇ ಅಡ್ಡ ನಿಂತೆ. ವಾರೆನ್ ಮಗುವಿನ ಕೆನ್ನೆ ಹಿಂಡಿ, "ಟೆಸ್ಸ ಬೇಡ ಅಂದ್ರೆ ವಾಪಸ್ ಬಂದ್ಬಿಡ್ತೀನಿ" ಎಂದು ನಕ್ಕು ಹೊರಟೇಹೋದ. ಅವಳ ಬಾಯಿಂದ ಆ ಮಾತು ಇನ್ನೊಮ್ಮೆ ಬರಲಿ ಎಂದು ಕೂತು ಬೇಡಿಕೊಳ್ಳುತ್ತಿದ್ದೇನೆ, ಅಕ್ಕ.